ವ್ಯವಹಾರಲೇಖನದ ಶಿಕ್ಷಣ: ಪುಣೆಯ ದಫ್ತರದಿಂದ ಅಂತರ್ಜಾಲದವರೆಗೆ

೧

ಕಾವ್ಯ, ಶಾಸ್ತ್ರ, ಶಾಸನ ಇವುಗಳ ಚರಿತ್ರೆಯನ್ನು ನಮ್ಮ ವಿದ್ವಾಂಸರು ಶ್ರಮವಹಿಸಿ ಬರೆದಿದ್ದಾರೆ. ಅರ್ಜಿ, ವರದಿ, ಟಿಪ್ಪಣಿ, ಕರಾರುಪತ್ರ ಮೊದಲಾದ ದಿನಬಳಕೆಯ ಬರೆಹಗಳ ಚರಿತ್ರೆಯನ್ನು ಬರೆದವರು ವಿರಳ. ಆ ಬರೆಹವನ್ನು ಒಬ್ಬರು ಇನ್ನೊಬ್ಬರಿಗೆ ಹೇಗೆ ಕಲಿಸುತ್ತ ಬಂದರೆಂಬುದನ್ನು ವಿಚಾರಿಸಿದವರು ಇನ್ನೂ ವಿರಳ. ಆದರೆ ರಾಜ್ಯಗಳು ನಡೆದದ್ದೂ, ವ್ಯಾಪಾರ ಸಾಗಿದ್ದೂ, ಬಡವನ ಅಹವಾಲು ಅಧಿಕಾರಿಯ ಕಿವಿಯನ್ನು ಮುಟ್ಟಿದ್ದೂ ಈ ಬರೆಹದಿಂದಲೇ. ಇದನ್ನು ಪ್ರಸ್ತುತ ಲೇಖನದಲ್ಲಿ ವ್ಯವಹಾರಲೇಖನವೆಂದು ಕರೆದಿದೆ.

೨೦೨೦ನೆಯ ಇಸವಿಯ ಸಾಂಕ್ರಾಮಿಕದಲ್ಲಿ ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿ, ಪಾಠವೆಲ್ಲ ಗಣಕಯಂತ್ರದ ಪರದೆಗೆ ಬಂದಾಗ, ಗಣಿತ ವಿಜ್ಞಾನಗಳಂತೆ ವ್ಯವಹಾರಲೇಖನವೂ ಅಂತರ್ಜಾಲದ ಮೂಲಕ ಕಲಿಸಬೇಕಾದ ವಿಷಯವಾಯಿತು. ದೂರದಲ್ಲಿರುವ ಗುರು ದೂರದಲ್ಲಿರುವ ಶಿಷ್ಯನಿಗೆ ಅರ್ಜಿ ಬರೆಯುವುದನ್ನು, ವರದಿ ಸಿದ್ಧಪಡಿಸುವುದನ್ನು ನಿಜವಾಗಿ ಕಲಿಸಬಲ್ಲನೇ? ಹೊಸ ಪ್ರಶ್ನೆಯೆಂದು ಹಲವರು ಭಾವಿಸಿರುವ ಇದು ವಾಸ್ತವವಾಗಿ ಹಳೆಯದು. ಮತ್ತು ಅದರ ಚರಿತ್ರೆಯ ಕೆಲವು ಮುಖ್ಯ ಅಧ್ಯಾಯಗಳು ನಾವು ನೀವು ನೆಲೆಸಿರುವ ಈ ಪುಣೆಯಲ್ಲಿಯೇ ನಡೆದಿವೆ. ಅವನ್ನು ಒಂದು ಸೂತ್ರದಲ್ಲಿ ಪೋಣಿಸಿ, ಹೊರನಾಡ ಕನ್ನಡಿಗರಿಗೆ ಅವುಗಳಿಂದ ದೊರೆಯುವ ಪಾಠವೇನೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದು ಕೇವಲ ಪಾಂಡಿತ್ಯದ ಕುತೂಹಲವಲ್ಲ. ವಿಜಯಪುರ, ಬೆಳಗಾವಿ ಅಥವಾ ಧಾರವಾಡ ಜಿಲ್ಲೆಯಿಂದ ಎರಡು ಮೂರು ತಲೆಮಾರುಗಳ ಹಿಂದೆ ಪುಣೆಗೆ ಬಂದು ನೆಲೆನಿಂತ ಮನೆತನಗಳು ನಮ್ಮಲ್ಲಿ ಅನೇಕ. ಊರಿನಲ್ಲಿ ತುಂಡು ಹೊಲವಿದೆ, ತಂದೆ ತೀರಿಕೊಂಡಿದ್ದಾರೆ, ಉತಾರದಲ್ಲಿ ವಾರಸುದಾರರ ಹೆಸರು ದಾಖಲಾಗಬೇಕು. ಮಗ ಪದವೀಧರ, ಮನೆಯಲ್ಲಿ ಕನ್ನಡವನ್ನೇ ಆಡುತ್ತಾನೆ. ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲ, ಮರಾಠಿಯಲ್ಲಿ ಮಹಾನಗರಪಾಲಿಕೆಗೆ ಅರ್ಜಿ ಕೊಡಬಲ್ಲ. ಆದರೆ ತಹಸೀಲದಾರರಿಗೆ ಕನ್ನಡದಲ್ಲಿ ಹತ್ತು ಸಾಲು ಬರೆಯಲು ಕುಳಿತರೆ ಕೈ ನಿಲ್ಲುತ್ತದೆ. ಅವನಿಗೆ ಭಾಷೆ ಇಲ್ಲವೆಂದಲ್ಲ, ಒಕ್ಕಣೆ ಇಲ್ಲ. ಕೊನೆಗೆ ತಾಲೂಕು ಕಚೇರಿಯ ಮುಂದೆ ಕುಳಿತ ಅರ್ಜಿ ಬರೆಯುವವನಿಗೆ ಹಣ ಕೊಟ್ಟು, ತನ್ನ ಮಾತನ್ನು ಇನ್ನೊಬ್ಬನ ಬಾಯಿಂದ ಹೇಳಿಸುತ್ತಾನೆ. ಭಾಷೆಯೊಂದು ಮನೆಯಲ್ಲಿ ಉಳಿದು ವ್ಯವಹಾರದಲ್ಲಿ ಅಳಿಯುವ ಬಗೆ ಇದು.

೨

ವ್ಯವಹಾರಲೇಖನವನ್ನು ಶಾಸ್ತ್ರವಾಗಿ ವಿವೇಚಿಸುವ ಪದ್ಧತಿ ನಮ್ಮ ದೇಶದಲ್ಲಿ ಪ್ರಾಚೀನವಾದುದು. ೧೯೦೫ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಪತ್ರಗಳ ರಚನೆಗೆಂದೇ ಒಂದು ಅಧ್ಯಾಯವಿದೆ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಗುಣಗಳನ್ನೂ, ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂಬ ಐದು ದೋಷಗಳನ್ನೂ ಅಲ್ಲಿ ಎಣಿಸಿದೆ. ಮುಖ್ಯವಾದುದನ್ನು ಮೊದಲು ಹೇಳು, ಹಿಂದಿನ ಮಾತಿಗೆ ಮುಂದಿನದು ವಿರೋಧವಾಗದಿರಲಿ, ಹೆಚ್ಚು ಕಡಮೆ ಇರದಿರಲಿ ಎಂದು ಇಂದಿನ ವ್ಯವಹಾರಲೇಖನದ ಪಠ್ಯಪುಸ್ತಕಗಳು ಹೇಳುವುದರಲ್ಲಿ ಬಹುಭಾಗ ಈ ಪಟ್ಟಿಯಲ್ಲಿ ಅಡಗಿದೆ.

ಆದರೆ ಗುಣದೋಷಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವನಿಗೆ ಬರೆಯಲು ಬರುವುದಿಲ್ಲ. ಬಾದಾಮಿ ಚಾಲುಕ್ಯರ ತಾಮ್ರಪಟಗಳನ್ನು ಬರೆದ ಮಹಾಸಾಂಧಿವಿಗ್ರಹಿಕರಾಗಲಿ, ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸೇನಬೋವರಾಗಲಿ, ವಿದ್ಯೆಯನ್ನು ಪಡೆದದ್ದು ಹಿರಿಯರು ಬರೆದುದನ್ನು ಕಂಡು, ನಕಲು ಮಾಡಿ, ತಿದ್ದಿಸಿಕೊಂಡು ಎಂದು ಊಹಿಸುವುದು ಅಸಂಗತವಲ್ಲ. ಸೇನಬೋವನು ಶಾನುಭೋಗನಾದ ಮೇಲೆಯೂ ಈ ಪದ್ಧತಿಯೇ ಮುಂದುವರಿಯಿತು. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವು ಮಗನ ಕೈಗೆ ಬರುವ ಮೊದಲೇ ಅದರ ಒಕ್ಕಣೆ ಅವನ ಕಿವಿಗೆ ಬಿದ್ದಿರುತ್ತಿತ್ತು. ಇಂದು ಸರಕಾರಿ ಕಚೇರಿಯ ಫೈಲಿಗೆ ಕಡತವೆನ್ನುವಾಗ ನಾವು ಆ ಕಪ್ಪು ಬಟ್ಟೆಯನ್ನೇ ನೆನೆಯುತ್ತಿದ್ದೇವೆ.

ಇಲ್ಲಿ ನಮ್ಮ ಭಾಷೆಯ ಎರಡು ಶಬ್ದಗಳನ್ನು ಗಮನಿಸಬೇಕು. ಒಂದು, ಮೇಲ್ಪಂಕ್ತಿ. ಗುರುವು ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಟ್ಟ ಸಾಲು ಅದು. ಶಿಷ್ಯನು ಅದರ ಕೆಳಗೆ ಅದರಂತೆಯೇ ಬರೆಯಬೇಕು. ಇನ್ನೊಂದು, ತಿದ್ದು ಎಂಬ ಧಾತು. ಐಗಳ ಮಠದಲ್ಲಿ ಮಗುವು ಮರಳಿನ ಮೇಲಿನ ಅಕ್ಷರದ ಮೇಲೆ ಬೆರಳಾಡಿಸುವುದನ್ನು ತಿದ್ದುವುದು ಎನ್ನುತ್ತೇವೆ. ಗುರುವು ತಪ್ಪನ್ನು ಸರಿಪಡಿಸುವುದನ್ನೂ ತಿದ್ದುವುದು ಎನ್ನುತ್ತೇವೆ. ಶಿಷ್ಯನು ಮಾಡುವುದಕ್ಕೂ ಗುರುವು ಮಾಡುವುದಕ್ಕೂ ಒಂದೇ ಶಬ್ದ. ಬರೆಹದ ಶಿಕ್ಷಣಕ್ಕೆ ಈ ಎರಡು ತಿದ್ದುಗಳೂ ಬೇಕು. ಮೇಲ್ಪಂಕ್ತಿಯನ್ನು ಎಷ್ಟು ದೂರಕ್ಕೆ ಬೇಕಾದರೂ ಕಳುಹಿಸಬಹುದು. ಶಿಷ್ಯನು ಅದರ ಮೇಲೆ ಎಷ್ಟು ಸಲ ಬೇಕಾದರೂ ಕೈಯಾಡಿಸಬಹುದು. ಗುರುವಿನ ತಿದ್ದುವಿಕೆಯನ್ನು ದೂರಕ್ಕೆ ಕಳುಹಿಸುವುದೇ ಕಷ್ಟ. ಮುಂದೆ ಹೇಳುವ ಚರಿತ್ರೆಯೆಲ್ಲ ಈ ಕಷ್ಟದ ಚರಿತ್ರೆಯೆಂದು ನನ್ನ ಅಭಿಪ್ರಾಯ.

೩

ಪುಣೆಯ ಕೌನ್ಸಿಲ್ ಹಾಲಿನ ಸಮೀಪದಲ್ಲಿರುವ ಪೇಶವೆ ದಫ್ತರದ ಕಟ್ಟಡವನ್ನು ನಮ್ಮಲ್ಲಿ ಅನೇಕರು ನಿತ್ಯ ಹಾದುಹೋಗುತ್ತಾರೆ. ಅದರೊಳಗಿರುವ ಮೋಡಿ ಲಿಪಿಯ ಕಾಗದಗಳು ಕೋಟಿಗಟ್ಟಲೆ. ಗೋವಿಂದ ಸಖಾರಾಮ ಸರದೇಸಾಯಿಯವರು ಆಯ್ದು ಸಂಪಾದಿಸಿದ ಭಾಗವೇ ೧೯೩೦ರಿಂದ ೧೯೩೪ರ ಅವಧಿಯಲ್ಲಿ ೪೫ ಸಂಪುಟಗಳಾಗಿ ಹೊರಬಿದ್ದಿತು. ಇತಿಹಾಸಕಾರರು ಇವುಗಳಲ್ಲಿ ಯುದ್ಧ, ಸಂಧಿ, ಕಂದಾಯಗಳ ಸಂಗತಿಗಳನ್ನು ಹುಡುಕುತ್ತಾರೆ. ನಮ್ಮ ಪ್ರಶ್ನೆ ಬೇರೆ: ಇಷ್ಟೊಂದನ್ನು ಬರೆದ ಕಾರಕೂನರಿಗೆ ಬರೆಯಲು ಕಲಿಸಿದವರಾರು?

ಮರಾಠಿ ಆಡಳಿತಲೇಖನದ ಪರಂಪರೆಯನ್ನು ದೇವಗಿರಿಯ ಸೇವುಣರಾದ ಮಹಾದೇವ ಮತ್ತು ರಾಮಚಂದ್ರರ ಮಂತ್ರಿಯಾಗಿದ್ದ ಹೇಮಾದ್ರಿಯಿಂದ ಆರಂಭಿಸುವುದು ವಾಡಿಕೆ. ಮೋಡಿ ಲಿಪಿಯನ್ನು ಬಳಕೆಗೆ ತಂದವನು ಅವನೇ ಎಂಬುದು ಸಾಂಪ್ರದಾಯಿಕ ನಂಬಿಕೆ. ಪತ್ರಲೇಖನದ ನಿಯಮಗಳನ್ನು ಹೇಳುವ ‘ಮೇಸ್ತಕ’ವೂ ಅವನ ಹೆಸರಿನಲ್ಲಿಯೇ ಪ್ರಚಲಿತವಾಗಿದೆ. ಸೇವುಣರ ಶಾಸನಗಳಲ್ಲಿ ಕನ್ನಡದ ಶಾಸನಗಳು ವಿಪುಲವಾಗಿರುವುದನ್ನು ನೆನೆದರೆ, ಈ ಪರಂಪರೆ ಹುಟ್ಟಿದ ಆಸ್ಥಾನದಲ್ಲಿ ಕನ್ನಡದ ಒಕ್ಕಣೆಯೂ ಪರಿಚಿತವಾಗಿತ್ತೆಂಬುದು ಸ್ಪಷ್ಟ. ಮುಂದೆ ಶಿವಾಜಿ ಮಹಾರಾಜರ ಕಾಲದಲ್ಲಿ ರಘುನಾಥ ಪಂಡಿತನ ಹೆಸರಿನ ‘ರಾಜವ್ಯವಹಾರಕೋಶ’ವು ಸಿದ್ಧವಾಯಿತು. ಆಡಳಿತದಲ್ಲಿ ತುಂಬಿದ್ದ ಫಾರಸಿ ಶಬ್ದಗಳಿಗೆ ಸಂಸ್ಕೃತ ಪರ್ಯಾಯಗಳನ್ನು ಕೊಡುವುದು ಅದರ ಗುರಿ. ಆದರೆ ಒಂದು ವಿಚಾರವನ್ನು ಗಮನಿಸಿರಿ. ಕೋಶವು ಬಂದು ಮುನ್ನೂರು ವರ್ಷಗಳು ಕಳೆದರೂ ದಫ್ತರ, ಅರ್ಜಿ, ಮಸೂದೆ, ಕಾರಕೂನ, ವಸೂಲಿ ಎಂಬ ಫಾರಸಿ ಅರಬ್ಬಿ ಶಬ್ದಗಳು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಉಳಿದಿವೆ. ಕೋಶವು ಶಬ್ದವನ್ನು ಸೂಚಿಸಬಲ್ಲದು. ಬರೆಯುವ ಕೈಯನ್ನು ಬದಲಿಸುವುದು ಕಚೇರಿಯ ಅಭ್ಯಾಸ ಮಾತ್ರ.

ಆ ಅಭ್ಯಾಸವು ನಡೆಯುತ್ತಿದ್ದುದು ಉಮೇದುವಾರಿಯ ಮೂಲಕ. ಇಂದು ನಾವು ಚುನಾವಣೆಗೆ ನಿಂತವನನ್ನು ಉಮೇದುವಾರನೆನ್ನುತ್ತೇವೆ. ಹಿಂದೆ ಅವನು ಕೆಲಸ ಸಿಕ್ಕೀತೆಂಬ ಆಸೆಯಿಂದ ಸಂಬಳವಿಲ್ಲದೆ ಕಚೇರಿಯಲ್ಲಿ ಹಿರಿಯ ಕಾರಕೂನನ ಬಳಿ ಕುಳಿತು ಬರೆಯುತ್ತಿದ್ದ ಹುಡುಗ. ಮೊದಲು ಜೊಂಡಿನ ಲೇಖಣಿಯನ್ನು ಕೆತ್ತಲು ಕಲಿಯಬೇಕು. ಬಳಿಕ ವಳಣವನ್ನು, ಎಂದರೆ ಕೈಬರೆಹದ ಶೈಲಿಯನ್ನು ಸಾಧಿಸಬೇಕು. ಚಿಟಣೀಸಿ, ಬಿವಲಕರಿ, ಮಹಾದೇವಪಂತಿ, ರಾನಡಿ ಎಂದು ವಳಣಗಳಿಗೆ ಹೆಸರುಗಳೇ ಇದ್ದವು. ಆಮೇಲೆ ನಕಲು, ನಕಲಿನಲ್ಲಿ ಕೈ ಕುದುರಿದ ಮೇಲೆ ಮಸೂದೆ. ಯಾರಿಗೆ ಯಾವ ಮಾಯಣೆ, ಎಂದರೆ ಸಂಬೋಧನೆ, ಸಲ್ಲಬೇಕು. ಸಮಾನನಿಗೆ ಹೇಗೆ, ಮೇಲಿನವನಿಗೆ ಹೇಗೆ, ಆಶ್ರಿತನಿಗೆ ಹೇಗೆ ಎಂಬುದು ಅತಿ ಸೂಕ್ಷ್ಮವಾದ ವಿದ್ಯೆ. ಅದರಲ್ಲಿ ತಪ್ಪಿದರೆ ಪತ್ರದ ಕಾರ್ಯವೇ ಕೆಡುತ್ತಿತ್ತು. ಹುಡುಗನ ಮಸೂದೆಯನ್ನು ಹಿರಿಯನು ಓದಿ, ಹೊಡೆದುಹಾಕಿ, ಮೇಲೆ ಬರೆದು ಮರಳಿಸುತ್ತಿದ್ದ. ಅದನ್ನು ಶುದ್ಧಪ್ರತಿ ಮಾಡುವಾಗ ಹುಡುಗನಿಗೆ ತನ್ನ ತಪ್ಪಿನ ಕಾರಣ ತಿಳಿಯುತ್ತಿತ್ತು.

ಈ ಪದ್ಧತಿಯನ್ನು ಹೊಗಳುವಾಗ ಅದರ ಅನ್ಯಾಯವನ್ನು ಮರೆಯಬಾರದು. ಸಂಬಳವಿಲ್ಲದೆ ವರ್ಷಗಟ್ಟಲೆ ಕುಳಿತುಕೊಳ್ಳುವುದು ಯಾರ ಮನೆಯಲ್ಲಿ ಅನ್ನವಿತ್ತೋ ಅವರಿಗೆ ಮಾತ್ರ ಸಾಧ್ಯ. ಯಾರ ಚಿಕ್ಕಪ್ಪ ಮಾವಂದಿರು ಕಚೇರಿಯಲ್ಲಿದ್ದರೋ ಅವರಿಗೆ ಮಾತ್ರ ಪ್ರವೇಶ. ಹೆಣ್ಣುಮಕ್ಕಳಿಗೆ, ಉಳುವವರಿಗೆ, ಕೆಳಗೆ ತಳ್ಳಲ್ಪಟ್ಟ ಜಾತಿಗಳವರಿಗೆ ಆ ಚಾಪೆಯ ಮೇಲೆ ಸ್ಥಳವಿರಲಿಲ್ಲ. ತಿದ್ದುವಿಕೆ ಅಲ್ಲಿ ಸಮೃದ್ಧವಾಗಿತ್ತು. ಆದರೆ ಅದು ಕೆಲವರ ಸೊತ್ತಾಗಿತ್ತು. ದೂರಶಿಕ್ಷಣದ ನೈತಿಕ ಬಲ ಇರುವುದು ಇಲ್ಲಿಯೇ: ಅದು ಚಾಪೆಯನ್ನು ಅಗಲ ಮಾಡುವ ಪ್ರಯತ್ನ.

೧೮೧೮ರಲ್ಲಿ ಪೇಶವಾಯಿ ಮುಗಿದು, ಧಾರವಾಡದ ಸೀಮೆ ಮುಂಬಯಿ ಇಲಾಖೆಗೆ ಸೇರಿದ ಮೇಲೆಯೂ ಕಚೇರಿಗಳಲ್ಲಿ ಬಹುಕಾಲ ಮರಾಠಿಯ ಹಾಗೂ ಮೋಡಿಯ ಪ್ರಾಬಲ್ಯವೇ ಮುಂದುವರಿಯಿತು. ಕನ್ನಡ ರೈತನು ತನ್ನ ಹೊಲದ ಕಾಗದವನ್ನು ತಾನು ಓದಲಾರದ ಸ್ಥಿತಿ ಅದು. ವಾಲ್ಟರ್ ಎಲಿಯಟ್ಟನಂಥ ಅಧಿಕಾರಿಗಳ ಆಸಕ್ತಿಯಿಂದ ಕನ್ನಡ ಶಾಲೆಗಳು ಮೊಳೆತವು. ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ ಅವು ಬೇರೂರಿದವು. ಶಾಲೆಗಳು ಹೆಚ್ಚಿದಂತೆ ಹಳ್ಳಿಗಳಲ್ಲಿ ಚದುರಿದ್ದ ಶಿಕ್ಷಕರಿಗೆ ಮಾರ್ಗದರ್ಶನ ಮಾಡುವುದು ಹೇಗೆಂಬ ಪ್ರಶ್ನೆ ಎದ್ದಿತು. ೧೮೬೫ರಲ್ಲಿ ಹುಟ್ಟಿದ ‘ಮಠಪತ್ರಿಕೆ’ಯನ್ನು ಆ ಪ್ರಶ್ನೆಗೆ ದೊರೆತ ಉತ್ತರವೆಂದು ನೋಡಬಹುದು. ಶಾಲೆಗೆ ಮಠವೆನ್ನುತ್ತಿದ್ದ ಕಾಲದ ಈ ಪತ್ರಿಕೆ ಮೇಲ್ಪಂಕ್ತಿಯನ್ನು ಅಂಚೆಯ ಮೂಲಕ ಊರೂರಿಗೆ ಒಯ್ದಿತು. ಕನ್ನಡದ ಮಟ್ಟಿಗೆ ದೂರಶಿಕ್ಷಣದ ಬೀಜವನ್ನು ಇಲ್ಲಿ ಗುರುತಿಸುವುದು ತಪ್ಪಾಗಲಾರದು.

೪

ಜಗತ್ತಿನ ದೂರಶಿಕ್ಷಣದ ಚರಿತ್ರೆಯೂ ವ್ಯವಹಾರಲೇಖನದಿಂದಲೇ ಮೊದಲಾಯಿತೆಂಬುದು ಸ್ವಾರಸ್ಯಕರವಾದ ಸಂಗತಿ. ೧೮೪೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಏಕರೂಪದ ಅಂಚೆದರ ಜಾರಿಗೆ ಬಂದಿತು. ಅದರ ಪ್ರಯೋಜನವನ್ನು ಪಡೆದು ಐಸಾಕ್ ಪಿಟ್ಮನ್ನನು ತನ್ನ ಶೀಘ್ರಲಿಪಿಯನ್ನು ಅಂಚೆಯಿಂದ ಕಲಿಸತೊಡಗಿದ. ಶಿಷ್ಯರು ಬೈಬಲಿನ ವಾಕ್ಯಗಳನ್ನು ಶೀಘ್ರಲಿಪಿಯಲ್ಲಿ ಬರೆದು ಕಳುಹಿಸುವರು. ತಿದ್ದಿದ ಪ್ರತಿ ಅವರಿಗೆ ಮರಳಿ ಬರುವುದು. ಪಾಠವನ್ನು ಮುದ್ರಿಸಿ ಮಾರುವುದು ಅದಕ್ಕೆ ಮೊದಲೂ ಇತ್ತು. ತಿದ್ದಿದ ಪ್ರತಿ ಮರಳಿ ಬರುವುದೇ ಹೊಸದು. ಗುಮಾಸ್ತನ ಕಸಬಿನಿಂದ ಜಗತ್ತಿನ ದೂರಶಿಕ್ಷಣ ಆರಂಭವಾಯಿತು. ಅದಕ್ಕೆ ಆಧಾರವಾದುದು ಅಗ್ಗದ ಅಂಚೆ.

ನಮ್ಮಲ್ಲಿಯೂ ೧೮೫೪ರಲ್ಲಿ ಅರ್ಧ ಆಣೆಯ ಏಕರೂಪದ ಅಂಚೆದರ, ೧೮೭೯ರಲ್ಲಿ ಕಾಲಾಣೆಯ ಕಾರ್ಡು ಬಂದವು. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಚಿರಂಜೀವಿಗೆ ಆಶೀರ್ವಾದ, ಉಭಯಕುಶಲೋಪರಿ ಎಂಬ ಒಕ್ಕಣೆಗಳನ್ನು ನಮ್ಮ ಹಿರಿಯರು ಕಲಿತದ್ದು ಈ ಕಾರ್ಡುಗಳಿಂದ. ಪುಣೆಗೆ ಬಂದ ಮಗನ ಕಾರ್ಡನ್ನು ತಂದೆ ಓದಿ, ಮುಂದಿನ ಕಾರ್ಡಿನಲ್ಲಿ ಒಂದು ಶಬ್ದದ ತಪ್ಪನ್ನೋ ಒಂದು ಅವಿನಯವನ್ನೋ ಎತ್ತಿ ತೋರಿಸುತ್ತಿದ್ದ ಮನೆಗಳು ಎಷ್ಟೋ. ಹೊರನಾಡ ಕನ್ನಡಿಗನ ಪಾಲಿಗೆ ಅಂಚೆ ಒಂದು ಶಾಲೆಯೂ ಆಗಿತ್ತು. ಕಾರ್ಡು ನಿಂತು ದೂರವಾಣಿ ಬಂದಾಗ ಮಾತು ಹತ್ತಿರವಾಯಿತು. ಆ ಶಾಲೆ ಮಾತ್ರ ಮುಚ್ಚಿತು.

ವಿಶ್ವವಿದ್ಯಾಲಯಗಳು ಈ ಮಾರ್ಗಕ್ಕೆ ಬಂದದ್ದು ತಡವಾಗಿ. ದೆಹಲಿ ವಿಶ್ವವಿದ್ಯಾಲಯವು ೧೯೬೨ರಲ್ಲಿಯೂ ಮೈಸೂರು ವಿಶ್ವವಿದ್ಯಾಲಯವು ೧೯೬೯ರಲ್ಲಿಯೂ ಅಂಚೆ ಶಿಕ್ಷಣವನ್ನು ಆರಂಭಿಸಿದವು. ಮೈಸೂರಿನ ಆ ಸಂಸ್ಥೆಯೇ ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮಹಾರಾಷ್ಟ್ರದಲ್ಲಿ ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯವು ೧೯೮೯ರಲ್ಲಿ ಸ್ಥಾಪಿತವಾಯಿತು. ಶಾಲೆ ಬಿಟ್ಟವರಿಗೆ, ಕೆಲಸದಲ್ಲಿರುವವರಿಗೆ, ಗೃಹಿಣಿಯರಿಗೆ ಇವು ಬಾಗಿಲು ತೆರೆದವು. ಚಾಪೆ ಅಗಲವಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಶಿಷ್ಯರ ಸಂಖ್ಯೆ ಸಾವಿರಗಳನ್ನು ದಾಟಿದಲ್ಲೆಲ್ಲ ಮೇಲ್ಪಂಕ್ತಿಯನ್ನು ಹಂಚುವುದು ಸುಲಭ, ಪ್ರತಿಯೊಬ್ಬನ ಮಸೂದೆಯನ್ನು ತಿದ್ದುವುದು ದುಬಾರಿ. ಪಿಟ್ಮನ್ನನಿಗೂ ಎದುರಾದ ಈ ಲೆಕ್ಕವನ್ನು ಯಾವ ಸಂಸ್ಥೆಯೂ ತಪ್ಪಿಸಿಕೊಳ್ಳಲಾರದು.

೫

ಮರಳಿ ಉತ್ತರ ಬರುವುದರ ಬೆಲೆಯನ್ನು ಪ್ರಯೋಗದಿಂದ ಅಳೆದು ತೋರಿಸಿದ ಕೀರ್ತಿ ಪುಣೆಗೆ ಸಲ್ಲುತ್ತದೆ. ೧೯೫೬ರ ಫೆಬ್ರುವರಿಯಿಂದ ಏಪ್ರಿಲ್ ತಿಂಗಳವರೆಗೆ ಆಕಾಶವಾಣಿಯ ಪುಣೆ ಕೇಂದ್ರವು ಯುನೆಸ್ಕೋದ ನೆರವಿನೊಡನೆ, ಅಂದಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ ೧೫೦ ಹಳ್ಳಿಗಳಿಗಾಗಿ ರೇಡಿಯೋ ಕೃಷಿಕೂಟವೆಂಬ ಪ್ರಯೋಗವನ್ನು ನಡೆಸಿತು. ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ, ಒಟ್ಟು ೨೦ ಪ್ರಸಾರಗಳು. ಪ್ರತಿ ಹಳ್ಳಿಯಲ್ಲಿ ಸುಮಾರು ೨೦ ಮಂದಿಯ ಕೂಟ. ಕಾರ್ಯಕ್ರಮವನ್ನು ಕೇಳಿದ ಮೇಲೆ ಕೂಟದವರು ಚರ್ಚಿಸಬೇಕು. ಕೂಟದ ಕಾರ್ಯದರ್ಶಿ ಚರ್ಚೆಯ ವರದಿಯನ್ನೂ ಸಂದೇಹಗಳನ್ನೂ ಬರೆದು ಕೇಂದ್ರಕ್ಕೆ ಕಳುಹಿಸಬೇಕು. ಮುಂದಿನ ಪ್ರಸಾರದಲ್ಲಿ ಅವಕ್ಕೆ ಉತ್ತರ ಬರಬೇಕು.

ಇದರ ಮೌಲ್ಯಮಾಪನವನ್ನು ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಪರವಾಗಿ ಪಾಲ್ ನೊಯ್‌ರಾಟ್ ಎಂಬ ಸಮಾಜಶಾಸ್ತ್ರಜ್ಞರು ಕೈಗೊಂಡರು. ಕೂಟವಿದ್ದ ಹಳ್ಳಿಗಳನ್ನು, ರೇಡಿಯೋ ಇದ್ದೂ ಕೂಟವಿರದ ಹಳ್ಳಿಗಳೊಡನೆಯೂ ರೇಡಿಯೋ ಇಲ್ಲದ ಹಳ್ಳಿಗಳೊಡನೆಯೂ ಹೋಲಿಸಿ ನೋಡಿದರು. ಕೂಟವಿದ್ದ ಹಳ್ಳಿಗಳಲ್ಲಿ ವಿಷಯಜ್ಞಾನ ಗಣನೀಯವಾಗಿ ಬೆಳೆದಿತ್ತು. ರೇಡಿಯೋ ಮಾತ್ರ ಇದ್ದ ಹಳ್ಳಿಗಳಲ್ಲಿ ಬೆಳವಣಿಗೆ ಅತ್ಯಲ್ಪ. ಯಂತ್ರ ಒಂದೇ, ಧ್ವನಿ ಒಂದೇ. ಭೇದವಿದ್ದುದು ಕೂಡಿ ಕುಳಿತು ಮಾತಾಡುವುದರಲ್ಲಿ ಮತ್ತು ಬರೆದು ಕೇಳಿದ ಪ್ರಶ್ನೆಗೆ ಉತ್ತರ ಬರುವುದರಲ್ಲಿ. ಈ ಫಲಿತಾಂಶದ ಬಲದಿಂದ ೧೯೫೯ರಲ್ಲಿ ಯೋಜನೆಯನ್ನು ದೇಶದ ಇತರ ಕೇಂದ್ರಗಳಿಗೂ ವಿಸ್ತರಿಸಲಾಯಿತು.

ಈ ಪ್ರಯೋಗವನ್ನು ಕೃಷಿವಿಸ್ತರಣೆಯ ಚರಿತ್ರೆಯಲ್ಲಿ ಮಾತ್ರ ಸೇರಿಸುವುದು ಸರಿಯಲ್ಲ. ಅರೆಬರೆ ಓದು ಬಲ್ಲ ಹಳ್ಳಿಯ ಕಾರ್ಯದರ್ಶಿಯೊಬ್ಬನು ವಾರಕ್ಕೆ ಎರಡು ಸಲ ವರದಿ ಬರೆಯುತ್ತಾನೆ. ಅದನ್ನು ಓದುವವರು ನಿಜವಾಗಿ ಇದ್ದಾರೆ. ಅಸ್ಪಷ್ಟವಾಗಿ ಬರೆದರೆ ಸರಿಯಾದ ಉತ್ತರ ಬಾರದು. ವ್ಯವಹಾರಲೇಖನಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು.

೬

ಇನ್ನು ಅಂತರ್ಜಾಲದ ಕಾಲಕ್ಕೆ ಬರೋಣ. ೧೯೮೮ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯ ಹೆಸರು ೧೯೯೧ರ ಪರಮ್ ಮಹಾಗಣಕದಿಂದ ಪ್ರಸಿದ್ಧವಾಯಿತು. ಭಾರತೀಯ ಲಿಪಿಗಳನ್ನು ಗಣಕಯಂತ್ರಕ್ಕೆ ಒಗ್ಗಿಸುವ ಕಾರ್ಯವೂ ಅಲ್ಲಿ ಮೊದಲಿನಿಂದ ನಡೆಯಿತು. ಈ ಸಂಸ್ಥೆಯು ಕೇಂದ್ರ ಗೃಹ ಮಂತ್ರಾಲಯದ ರಾಜಭಾಷಾ ವಿಭಾಗಕ್ಕಾಗಿ ‘ಲೀಲಾ’ ಎಂಬ ಬೋಧನಸಾಧನವನ್ನು ನಿರ್ಮಿಸಿತು. ಕೇಂದ್ರ ಸರಕಾರದ ನೌಕರರು ಕಲಿಯಬೇಕಾದ ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಮೂರು ಹಂತಗಳ ಹಿಂದಿಯನ್ನು ಅಂತರ್ಜಾಲದ ಮೂಲಕ ಉಚಿತವಾಗಿ ಕಲಿಸುವುದು ಇದರ ಗುರಿ. ಇಂಗ್ಲಿಷಿನ ಜತೆಗೆ ಕನ್ನಡವೂ ಸೇರಿದಂತೆ ೧೪ ಭಾರತೀಯ ಭಾಷೆಗಳ ಮಾಧ್ಯಮದಿಂದ ಇದನ್ನು ಕಲಿಯಬಹುದು. ೨೦೧೭ರ ಸೆಪ್ಟೆಂಬರ್ ೧೪ರ ಹಿಂದಿ ದಿನದಂದು ಇದರ ಮೊಬೈಲ್ ರೂಪವೂ ಬಿಡುಗಡೆಯಾಯಿತು. ಕಚೇರಿಯ ಬರೆಹವನ್ನೇ ಮುಖ್ಯವಾಗಿಟ್ಟುಕೊಂಡ ‘ಪಾರಂಗತ’ ಎಂಬ ಮೇಲಿನ ಹಂತವನ್ನು ರಾಜಭಾಷಾ ವಿಭಾಗವು ೨೦೧೫ರಲ್ಲಿ ಸೇರಿಸಿತು.

ಲೀಲಾದಲ್ಲಿ ಅಕ್ಷರವು ಪರದೆಯ ಮೇಲೆ ರೇಖೆ ರೇಖೆಯಾಗಿ ಮೂಡುತ್ತದೆ. ಕಲಿಯುವವನು ಅದರ ಮೇಲೆ ತಿದ್ದಬಹುದು. ಉಚ್ಚಾರಣೆಯನ್ನು ಕೇಳಿ, ತನ್ನ ಧ್ವನಿಯನ್ನು ಮುದ್ರಿಸಿ, ಹೋಲಿಸಿ ನೋಡಬಹುದು. ಐಗಳ ಮಠದ ಮರಳು ಪರದೆಯಾಗಿದೆ, ಬೆರಳು ಅದೇ. ನಡುರಾತ್ರಿಯಲ್ಲಿಯೂ ಬೇಸರಿಸದ, ಸಿಟ್ಟಾಗದ ಗುರು ಇದು. ದೂರದ ಸಣ್ಣ ಅಂಚೆಕಚೇರಿಯ ನೌಕರನಿಗೂ ರಾಜಧಾನಿಯ ಅಧಿಕಾರಿಗೂ ಸಮಾನ. ಇಷ್ಟರಮಟ್ಟಿಗೆ ಇದು ದೊಡ್ಡ ಸಾಧನೆ. ಆದರೆ ಮೇಲೆ ಹೇಳಿದ ತಿದ್ದುವಿಕೆಯ ಎರಡು ಅರ್ಥಗಳನ್ನು ನೆನೆದರೆ, ಯಂತ್ರವು ಮೊದಲನೆಯದನ್ನು ಚೆನ್ನಾಗಿ ಮಾಡಿಸುತ್ತದೆ. ಎರಡನೆಯದಕ್ಕೆ ಮನುಷ್ಯನೇ ಬೇಕಾಗುತ್ತಾನೆ. ಅಕ್ಷರದ ವಕ್ರತೆಯನ್ನು ಯಂತ್ರ ಕಾಣಬಲ್ಲದು; ಈ ಅರ್ಜಿಯನ್ನು ಓದುವ ಅಧಿಕಾರಿಗೆ ಮೊದಲ ಸಾಲಿನಲ್ಲಿ ಏನು ತಿಳಿಯಬೇಕಾಗಿತ್ತು ಎಂಬುದನ್ನು ಕಂಡು ಹೇಳುವವನು ಕಚೇರಿಯನ್ನು ಬಲ್ಲವನು.

ಪಾಶ್ಚಾತ್ಯ ಸಂಶೋಧಕರೂ ಬಳಸುದಾರಿಯಿಂದ ಇದೇ ಸ್ಥಳಕ್ಕೆ ಬಂದಿದ್ದಾರೆ. ದೂರಶಿಕ್ಷಣದಲ್ಲಿ ಲೆಕ್ಕಕ್ಕೆ ಬರುವುದು ಮೈಲಿಗಳ ದೂರವಲ್ಲ, ಗುರುಶಿಷ್ಯರ ನಡುವೆ ತಿಳಿವಳಿಕೆಗೆ ಅಡ್ಡಬರುವ ದೂರ ಎಂದು ಮೈಕೆಲ್ ಮೂರ್ ಎಂಬ ಅಮೆರಿಕದ ವಿದ್ವಾಂಸರು ಪ್ರತಿಪಾದಿಸಿದರು. ಸಂವಾದ ಹೆಚ್ಚಿದಂತೆ ಆ ದೂರ ಕಡಮೆಯಾಗುತ್ತದೆ. ೨೦೦೦ದಲ್ಲಿ ಕೆನಡಾದ ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ ಎಂಬವರು, ಜಾಲದ ತರಗತಿಯಲ್ಲಿ ವಿಷಯದ ಚಿಂತನೆಯಷ್ಟೇ ಅಲ್ಲದೆ ಗುರುವಿನ ಸಾನ್ನಿಧ್ಯ ಮತ್ತು ಸಹಪಾಠಿಗಳ ಸಾನ್ನಿಧ್ಯ ಎರಡೂ ಇರಬೇಕೆಂದು ವಿವರಿಸಿದರು. ಅಮೆರಿಕದ ಕಾಲೇಜುಗಳಲ್ಲಿ ಲೇಖನಕಲೆಯನ್ನು ಬೋಧಿಸುವವರ ಸಂಘಟನೆಯು ೨೦೧೩ರಲ್ಲಿ, ಜಾಲದ ಮೂಲಕ ಬರೆಹವನ್ನು ಕಲಿಸುವುದಕ್ಕೆ ೧೫ ತತ್ತ್ವಗಳನ್ನು ಪ್ರಕಟಿಸಿತು. ಅವುಗಳಲ್ಲಿ ಒಂದು: ತರಗತಿಯಲ್ಲಿ ೨೦ಕ್ಕಿಂತ ಹೆಚ್ಚು ಮಂದಿ ಇರಬಾರದು, ೧೫ ಮಂದಿ ಇದ್ದರೆ ಇನ್ನೂ ಒಳ್ಳೆಯ���ು. ಲಕ್ಷ ಜನರಿಗೆ ಒಮ್ಮೆಲೇ ಪಾಠ ಹೇಳಬಲ್ಲ ಸಾಧನವನ್ನು ಕೈಯಲ್ಲಿಟ್ಟುಕೊಂಡು, ಬರೆಹದ ಗುರುಗಳು ಕೇಳಿದ್ದು ಇಪ್ಪತ್ತು ಶಿಷ್ಯರನ್ನು. ೧೯೫೬ರ ಕೃಷಿಕೂಟದಲ್ಲಿಯೂ ಇದ್ದದ್ದು ಇಪ್ಪತ್ತರಷ್ಟೇ ಜನ. ಇದು ಆಕಸ್ಮಿಕವಿರಬಹುದು, ಆದರೂ ಒಬ್ಬ ಮನುಷ್ಯನು ನಿಜವಾಗಿ ಓದಿ ತಿದ್ದಬಲ್ಲ ಪ್ರತಿಗಳಿಗೆ ಒಂದು ಮಿತಿಯಿದೆ ಎಂಬುದು ಆಕಸ್ಮಿಕವಲ್ಲ.

೭

ಈಗ ನಮ್ಮ ಮನೆಯ ಮಾತು. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಪ್ರಯತ್ನಗಳು ಪುಣೆಯಲ್ಲಿಯೂ ಇತರ ನಗರಗಳಲ್ಲಿಯೂ ನಡೆದಿವೆ. ಜಾಲದ ತರಗತಿಗಳೂ ಹುಟ್ಟಿಕೊಂಡಿವೆ. ಅಕ್ಷರಮಾಲೆ, ಶಿಶುಗೀತೆ, ವಚನ, ನಾಡಹಬ್ಬದ ನಾಟಕ ಇವು ಅವುಗಳ ಪಠ್ಯ. ಇವು ಬೇಕು. ಆದರೆ ಅರ್ಜಿ, ವರದಿ, ಸಭೆಯ ನಡಾವಳಿ, ಕಾರ್ಯಾಲಯದ ಟಿಪ್ಪಣಿ ಇವಕ್ಕೆ ಅಲ್ಲಿ ಸ್ಥಾನ ಅಪರೂಪ. ಹಾಡಲು ಮಾತ್ರ ಬರುವ ಭಾಷೆಯನ್ನು ಮುಂದಿನ ತಲೆಮಾರು ಗೌರವಿಸೀತು, ಬಳಸಲಾರದು. ಕರ್ನಾಟಕದಲ್ಲಿ ೧೯೬೩ರ ರಾಜಭಾಷಾ ಅಧಿನಿಯಮದಿಂದ ಕನ್ನಡವು ಆಡಳಿತದ ಭಾಷೆಯಾಗಿದೆ. ಆ ಆಡಳಿತದೊಡನೆ ಹೊಲ, ಮನೆ, ವಾರಸಾ, ಪಿಂಚಣಿಗಳ ಸಂಬಂಧವನ್ನು ಇಟ್ಟುಕೊಂಡಿರುವ ನಾವು ಆ ಭಾಷೆಯಲ್ಲಿ ಬರೆಯಲಾರದವರಾದರೆ, ಹತ್ತೊಂಬತ್ತನೆಯ ಶತಮಾನದ ಧಾರವಾಡ ರೈತನಿಗೆ ಮೋಡಿಯ ಮುಂದೆ ಒದಗಿದ ಸ್ಥಿತಿಯೇ ನಮಗೆ ಕನ್ನಡದ ಮುಂದೆ ಒದಗುತ್ತದೆ. ಅವನಿಗೆ ಅದು ಪರರು ಹೇರಿದ್ದು. ನಮಗೆ ನಾವೇ ತಂದುಕೊಂಡದ್ದು.

ಆದುದರಿಂದ ಮೇಲಿನ ಚರಿತ್ರೆಯ ಆಧಾರದಿಂದ ಒಂದು ಸೂಚನೆಯನ್ನು ವಾಚಕರ ಮುಂದಿಡುತ್ತೇನೆ. ವ್ಯವಹಾರ ಕನ್ನಡಕ್ಕೆ ಜಾಲದ ತರಗತಿಯೊಂದನ್ನು ಆರಂಭಿಸಬೇಕು. ಅದು ಚಿಕ್ಕದಾಗಿರಬೇಕು, ಹದಿನೈದು ಇಪ್ಪತ್ತು ಜನರಿಗೆ ಮೀರಬಾರದು. ಮಾದರಿಗಳ ಪುಸ್ತಕವನ್ನು ಅಚ್ಚು ಹಾಕಿಸಿ ಹಂಚಿ ಕೈತೊಳೆದುಕೊಳ್ಳಬಾರದು. ಪ್ರತಿಯೊಬ್ಬನೂ ತನಗೆ ನಿಜವಾಗಿ ಬೇಕಾದ ಪತ್ರವನ್ನೇ ಬರೆಯಬೇಕು: ಉತಾರದ ಅರ್ಜಿಯೋ, ಊರಿನ ಗ್ರಾಮಪಂಚಾಯಿತಿಗೆ ನೀರಿನ ದೂರೋ, ಸಂಘದ ವಾರ್ಷಿಕ ವರದಿಯೋ. ಅದು ಮೂರು ಸಲವಾದರೂ ಮಸೂದೆಯಾಗಿ ಹೋಗಿ ತಿದ್ದಿಸಿಕೊಂಡು ಮರಳಬೇಕು. ತಿದ್ದುವವರು ಯಾರು? ಕರ್ನಾಟಕದ ಕಚೇರಿಗಳಲ್ಲಿ ಮೂವತ್ತು ವರ್ಷ ಕಡತಗಳನ್ನು ನೋಡಿ ನಿವೃತ್ತರಾದ ಶಿರಸ್ತೇದಾರರು, ಗುಮಾಸ್ತರು, ಶಿಕ್ಷಕರು ಸಾವಿರಾರು ಮಂದಿ ಇದ್ದಾರೆ. ಅವರು ಪುಣೆಗೆ ಬರಬೇಕಾಗಿಲ್ಲ. ಗದಗಿನ ತಮ್ಮ ಮನೆಯ ಪಡಸಾಲೆಯಲ್ಲಿಯೇ ಕುಳಿತು ಕೊಥರೂಡದ ಹುಡುಗಿಯ ಮಸೂದೆಯನ್ನು ತಿದ್ದಬಲ್ಲರು. ಅಂತರ್ಜಾಲದ ನಿಜವಾದ ಕೊಡುಗೆ ಇದು: ಮೇಲ್ಪಂಕ್ತಿಯನ್ನು ಅಂಚೆಯೂ ಒಯ್ಯುತ್ತಿತ್ತು, ತಿದ್ದುವ ಕೈಯನ್ನು ಅದೇ ದಿನ, ಅದೇ ಗಳಿಗೆಯಲ್ಲಿ ಒಯ್ಯುವುದು ಜಾಲಕ್ಕೆ ಸಾಧ್ಯ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಇಪ್ಪತ್ತು ಜನರಿಂದ ಏನಾದೀತು ಎಂಬುದು. ಇಪ್ಪತ್ತು ಜನರು ಕಲಿತರೆ, ಮುಂದಿನ ವರ್ಷ ಅವರಲ್ಲಿ ಐವರು ತಿದ್ದುವವರಾದಾರು. ಉಮೇದುವಾರನೇ ಮುಂದೆ ಹಿರಿಯ ಕಾರಕೂನನಾಗುತ್ತಿದ್ದ. ಎರಡನೆಯದು, ಈಗ ಯಂತ್ರಗಳೇ ಅರ್ಜಿಯನ್ನು ಬರೆದುಕೊಡುತ್ತಿರುವಾಗ ಕಲಿಯುವ ಶ್ರಮವೇಕೆ ಎಂಬುದು. ೨೦೨೨ರ ಈಚೆಗೆ ಪ್ರಚಾರಕ್ಕೆ ಬಂದಿರುವ ಈ ಯಂತ್ರಗಳು ನಯವಾದ ಒಕ್ಕಣೆಯನ್ನು ಕ್ಷಣಮಾತ್ರದಲ್ಲಿ ಒದಗಿಸುತ್ತವೆಂಬುದು ನಿಜ. ಆದರೆ ಅದು ಸರಿಯಿದೆಯೋ, ತನ್ನ ಮಾತನ್ನೇ ಹೇಳಿದೆಯೋ, ಓದುವವನಿಗೆ ತಕ್ಕುದಾಗಿದೆಯೋ ಎಂಬುದನ್ನು ನೋಡಿ ಸಹಿ ಹಾಕುವವನು ಮನುಷ್ಯನೇ. ತಿದ್ದಲು ಬಾರದವನಿಗೆ ಯಂತ್ರವೂ ತಾಲೂಕು ಕಚೇರಿಯ ಮುಂದಿನ ಅರ್ಜಿ ಬರೆಯುವವನೂ ಒಂದೇ. ಅವರು ಬರೆದುದಕ್ಕೆ ಇವನು ಹೆಬ್ಬೆಟ್ಟೊತ್ತುತ್ತಾನೆ. ತಿದ್ದಬಲ್ಲವನಿಗೆ ಮಾತ್ರ ಯಂತ್ರವು ಸೇವಕ.

ಪೇಶವೆ ದಫ್ತರದ ಕಟ್ಟಡಕ್ಕೂ ಸಿ-ಡ್ಯಾಕ್ ಸಂಸ್ಥೆಗೂ ನಡುವೆ ಕೆಲವೇ ಮೈಲಿಗಳ ಅಂತರ. ಕಾಗದಗಳ ಲಿಪಿಯಾದ ಮೋಡಿಯೂ ೨೦೧೪ರಲ್ಲಿ ಯೂನಿಕೋಡಿನ ಏಳನೆಯ ಆವೃತ್ತಿಗೆ ಸೇರಿ, ಗಣಕಯಂತ್ರದ ಲಿಪಿಗಳ ಸಾಲಿನಲ್ಲಿ ನಿಂತಿದೆ. ಆದರೆ ಅದನ್ನು ಓದಬಲ್ಲವರು ಇಂದು ವಿರಳ. ಊರಿನ ಹಳೆಯ ಪೆಟ್ಟಿಗೆಯಲ್ಲಿ ದೊರೆತ ಕಾಗದವನ್ನು ಹಿಡಿದುಕೊಂಡು ಜನರು ಬಲ್ಲವರನ್ನು ಹುಡುಕುತ್ತಾರೆ. ಯಂತ್ರದಲ್ಲಿ ಲಿಪಿ ಉಳಿಯಿತು, ಕೈಯಲ್ಲಿ ಅಳಿಯಿತು. ಕನ್ನಡದ ಒಕ್ಕಣೆಗೆ ನಮ್ಮ ಮಕ್ಕಳ ಕೈಯಲ್ಲಿ ಆ ಗತಿ ಒದಗಬಾರದು. ಮೇಲ್ಪಂಕ್ತಿಗಳು ನಮ್ಮಲ್ಲಿ ಧಾರಾಳವಾಗಿವೆ, ತಿದ್ದುವವರೂ ಇದ್ದಾರೆ. ಅವರಿಬ್ಬರನ್ನು ಕೂಡಿಸುವ ಕೆಲಸ ಮಾತ್ರ ಉಳಿದಿದೆ. ಅದಕ್ಕೆ ಸಂಘದ ಬಂಧುಗಳಲ್ಲಿ ಯಾರು ಮುಂದೆ ಬರುವರೋ ಅವರು ತಮ್ಮ ಒಪ್ಪಿಗೆಯನ್ನು ಕನ್ನಡದಲ್ಲಿಯೇ ಒಂದು ಪತ್ರವಾಗಿ ಬರೆದು ತಿಳಿಸಲಿ. ತರಗತಿಯ ಮೊದಲ ಮಸೂದೆ ಅದೇ ಆಗಲಿ.